ಹತ್ತೊಂಬತ್ತನೆಯ ಮೀಟರಿನ ಮೆದು ಜಾಗ

ಘಟನೆಗಳ ಕ್ರಮ ಹೀಗಿತ್ತು. ಸೋಮವಾರ ಬೆಳಗ್ಗೆ ಏಳು ನಲವತ್ತಕ್ಕೆ, ಕೊಂಬೆ ಕಡಿಯುವ ತಂಡದ ‘ಉಡ’ ಮರ ಹತ್ತಿದ. ಎಂಟು ಐದಕ್ಕೆ, ನೆಲದಿಂದ ಹದಿನಾರು ಮೀಟರ್ ಎತ್ತರದಲ್ಲಿ, ಕಾಂಡಕ್ಕೆ ರಾಟೆ ಬಿಗಿದು, ಅದರ ಮೇಲೆ ಹಾಯಿಸಿದ ಇಳಿಹಗ್ಗವನ್ನು ಕೊಂಬೆಗೆ ಕಟ್ಟಿದ. ಎಂಟು ಇಪ್ಪತ್ತಕ್ಕೆ ಕೊಂಬೆಯನ್ನು ಕೊಯ್ದ. ಕೊಂಬೆ ತುಸು ಇಳಿಯಿತು, ಹಗ್ಗ ತುಂಡಾಯಿತು. ಆಸರೆ ತಪ್ಪಿದ ಕೊಂಬೆ ಕೆಳಗಿನ ಕವಲಿಗೆ ಬಡಿದು ತಿರುಗಿತು. ಅದರ ಬುಡ ಉಡನ ಎಡ ಮೊಣಕಾಲನ್ನು ಪುಡಿ ಮಾಡಿತು. ಒಂಬತ್ತಕ್ಕೆ ಅವನು ಆಸ್ಪತ್ರೆಯಲ್ಲಿದ್ದ. ಹತ್ತಕ್ಕೆ ಹಗ್ಗದ ಎರಡು ತುಂಡುಗಳು ತಪಾಸಣೆ ಕೋಣೆಯ ಮೇಜಿನ ಮೇಲಿದ್ದವು.

ಹಿಡಿದರೆ ಬಿಡದ ಪಟ್ಟಿನಿಂದ ಆ ಹೆಸರು ಪಡೆದಿದ್ದ ಉಡ, ಆ ಮೇಜಿನ ಮುಂದೆ ನಿಂತಿದ್ದವಳ ಸೋದರಮಾವ. ಹಗ್ಗ, ಪಟ್ಟಿ, ಕೊಂಡಿಗಳ ತಪಾಸಣೆ ಅವಳ ಕೆಲಸ.

ಹಗ್ಗ ತಂದ ಚೀಲದಿಂದ ಹೊರಬಿದ್ದ ನಾತ ಕೋಣೆಯನ್ನೆಲ್ಲ ತುಂಬಿತ್ತು. ಹಿಂದಿನ ಮಂಗಳವಾರ ಇದೇ ಹಗ್ಗ ಒಂದು ಟೊಳ್ಳು ಮರದಲ್ಲಿ ಕೆಲಸ ಮಾಡಿತ್ತು. ಆ ಪೊಟರೆಯಲ್ಲಿ ಎಷ್ಟೋ ಕಾಲದ ಕೊಳೆನೀರು ನಿಂತಿತ್ತು; ನೀರಿನಲ್ಲಿ ಸತ್ತ ಪಾರಿವಾಳಗಳಿದ್ದವು; ಪಾರಿವಾಳಗಳಲ್ಲಿ ಹುಳುಗಳಿದ್ದವು. ಆ ಕರಿ ಲೋಳೆ ಹಗ್ಗದ ಮೇಲೆ ಈಗ ಒಣಗಿ, ಹಳೆಯ ಗಾಯದ ಹಕ್ಕಳೆಯಂತೆ ಪದರಪದರವಾಗಿ ಏಳುತ್ತಿತ್ತು. ಅವಳು ಕೈಗವಸು ಎಳೆದು ತೊಟ್ಟಳು.

ಮೇಸ್ತ್ರಿ ಎದುರಿನ ಕುರ್ಚಿಯಲ್ಲಿ ಕುಳಿತು ಬೀಗದ ಕೈಯಿಂದ ಕಿವಿ ಕೆದಕಿಕೊಳ್ಳುತ್ತಿದ್ದ. ತುದಿಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ, ಮೇಜಿನ ಅಂಚಿಗೆ ಒರೆಸಿದ.

“ಇದರಲ್ಲಿ ತಲೆ ಕೆಡಿಸ್ಕೊಳ್ಳೋದು ಏನಿದೆ ಮೇಡಂ? ಬುಧವಾರ ನೀವೇ ಹಗ್ಗ ನೋಡಿ, ಸರಿಯಾಗಿದೆ ಅಂತ ಬರೆದಿದೀರಿ. ಹಗ್ಗ ಸರಿ ಇತ್ತು ಅಂದ್ಮೇಲೆ ಕೈ ತಪ್ಪು. ಈ ಗೂಟ ಗಕ್ಕನೆ ಹಿಡಿದಿದಾನೆ, ಹಗ್ಗ ಹರಿದಿದೆ. ಹನ್ನೆರಡಕ್ಕೆ ವರದಿ ಕೊಡಿ. ಇವನ್ನ ಮನೆಗೆ ಕಳಿಸ್ತೀನಿ.”

ಗೂಟ ಬಾಗಿಲ ಬಳಿ ನಿಂತಿದ್ದ. ಮರದ ಬುಡಕ್ಕೆ ಬಿಗಿದ ಉಕ್ಕಿನ ಡ್ರಮ್ಮಿಗೆ ಹಗ್ಗವನ್ನು ಮೂರು ಸುತ್ತು ಸುತ್ತಿ, ಕೊಂಬೆಯ ಭಾರವನ್ನು ಮೆಲ್ಲಗೆ ಜಾರಿಸುವವನು ಅವನು. ಹನ್ನೊಂದು ವರ್ಷ ಒಂದೇ ಜಾಗದಲ್ಲಿ ಅಲುಗಾಡದೆ ನಿಂತು ಆ ಅಡ್ಡಹೆಸರು ಗಳಿಸಿದ್ದ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಎಮ್ಮೆ ಸಿಕ್ಕಿತಲ್ಲ ಮೇಸ್ತ್ರೀ, ಬರೆ ಕಾಯಿಸಿ” ಎಂದ ಗೂಟ. “ನಾನು ಹಿಡಿಲಿಲ್ಲ. ಬಿಡ್ತಾ ಇದ್ದೆ. ಅಷ್ಟೇ ನನಗೆ ಗೊತ್ತಿರೋದು.”

“ಬಾಯಿ ಮುಚ್ಚಯ್ಯ.”

“ಮುಚ್ತೀನಿ. ಮೂಗೂ ಮುಚ್ಕೋಬೇಕಾಗಿದೆ, ಒಂದೇ ಸಲ ಎರಡೂ ಆಗುತ್ತೆ.”

ಮೇಸ್ತ್ರಿ ಎದ್ದು ಹೋದ. ಹೋಗುವಾಗ ಹೊಸ್ತಿಲ ಆಚೆ ಕ್ಯಾಕರಿಸಿ ಉಗಿದ. ಅವಳಿಗೆ ಅದು ಕೂಡ ಹಗ್ಗದ ಮೇಲೆಯೇ ಬಿದ್ದಂತೆ ಅನ್ನಿಸಿತು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಮಾವನ ದನಿ ಔಷಧಿಯ ಮಂಪರಿನಲ್ಲಿ ತೊದಲುತ್ತಿತ್ತು.

“ಅಳಬೇಡ ಕಣೇ, ಕಾಲು ತಾನೇ, ಇನ್ನೊಂದಿದೆಯಲ್ಲ. ಆ ಹಾಳು ನಾತ ಹೊಡೀತಿದ್ದ ಹಗ್ಗ ನೋಡಿ ಬೇರೆ ತರಿಸೋಣ ಅಂತಿದ್ದೆ. ಆಮೇಲೆ ತಪಾಸಣೆ ಚೀಟಿ ಮೇಲೆ ನಿನ್ನ ಸಹಿ ಕಂಡೆ. ನಮ್ಮ ಹುಡುಗಿ ಕೈಯಾಡಿಸಿದ ಹಗ್ಗ, ಇನ್ನೇನು ಅಂತ ಕಟ್ಟಿಬಿಟ್ಟೆ.”

ಅವಳು ಅಳುತ್ತಿರಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಹಗ್ಗದ ತಪಾಸಣೆಗೆ ಈ ಕಸುಬಿನಲ್ಲಿ ಒಂದೇ ಕ್ರಮವಿದೆ. ಕೈಗವಸು ತೊಡುವಂತಿಲ್ಲ. ಹಗ್ಗವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಗೇಣು ಗೇಣಾಗಿ, ಬರಿಗೈಯ ಬೆರಳುಗಳ ನಡುವೆ ಹಾಯಿಸಬೇಕು. ಹೊರಹೆಣಿಗೆ ನೆಟ್ಟಗಿದ್ದು ಒಳತಿರುಳು ಮಾತ್ರ ಹರಿದಿದ್ದರೆ ಕಣ್ಣಿಗೆ ಏನೂ ಕಾಣದು. ಬೆರಳಿಗೆ ಮಾತ್ರ, ಕೊಳೆತ ಹಣ್ಣಿನ ಮೇಲೆ ಒತ್ತಿದಂತೆ, ಒಂದು ಮೆದು ಜಾಗ ಸಿಗುತ್ತದೆ.

ಬುಧವಾರ ಅವಳು ಚೀಲದ ಬಾಯಿ ತೆರೆದಿದ್ದಳು. ಮೇಲಿನ ಸುತ್ತಿನ ಮೇಲೆ ಬಿಳಿ ಹುಳುವೊಂದು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿತ್ತು. ಕೂಡಲೇ ಚೀಲದ ಬಾಯಿ ಮುಚ್ಚಿದ್ದಳು.

“ನಾಳೆ ತೊಳೆದು ಒಣಗಿಸಿ ಕೊಡ್ತೀನಿ ಮೇಡಂ, ಆಮೇಲೆ ನೋಡಿ” ಎಂದಿದ್ದ ಗೂಟ.

“ಬೇಡ, ಮೇಲಿನದು ಚೆನ್ನಾಗೇ ಇದೆ” ಎಂದು ಅವಳು ಚೀಟಿಯಲ್ಲಿ ‘ಪೂರ್ಣ ಉದ್ದವನ್ನು ಬರಿಗೈಯಿಂದ ಪರೀಕ್ಷಿಸಲಾಗಿದೆ’ ಎಂದು ದುಂಡಗೆ ಬರೆದು, ಸಹಿ ಮಾಡಿ, ಹೋಗಿ ಮೂರು ಸಲ ಸೋಪು ಹಾಕಿ ಕೈ ತೊಳೆದಿದ್ದಳು. ಮುಟ್ಟದೇ ಇದ್ದ ಕೈಗಳನ್ನು.

ಈಗ ಅವಳು ಗೂಟನ ಕಡೆ ತಿರುಗಿದಳು. “ಬುಧವಾರ ನೀವು ಇಲ್ಲೇ ಇದ್ರಿ. ಮೇಸ್ತ್ರಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿ ಏನಾಗ್ಬೇಕು? ಅಲ್ಲಿರೋದು ನಿಮ್ಮ ಸಹಿ, ಇಲ್ಲಿರೋದು ನನ್ನ ಬಾಯಿ. ಯಾವುದನ್ನ ನಂಬ್ತಾರೆ?” ಅವನು ನಗಲು ನೋಡಿದ, ಆಗಲಿಲ್ಲ. “ಮನೇಲಿ ಇನ್ನೂ ಹೇಳಿಲ್ಲ. ಐವತ್ತಾಯ್ತು ಮೇಡಂ. ಹಗ್ಗ ಬಿಡೋದು ಒಂದೇ ನನಗೆ ಬರೋದು. ಉಡನ ಕಾಲು ಮುರಿದವನು ಅಂತ ಹೆಸರು ಬಂದ್ರೆ ಮುಂದೆ ಯಾವನು ತನ್ನ ಕೊಂಬೆ ನನ್ನ ಕೈಗೆ ಕೊಡ್ತಾನೆ?”

ಅವಳು ಕೈಗವಸು ಕಳಚಿ ಬದಿಗಿಟ್ಟಳು.

ಹಗ್ಗವನ್ನು, ಕೆಳಗೆ ಗೂಟ ಹಿಡಿದಿದ್ದ ತುದಿಯಿಂದ, ಬೆರಳುಗಳ ನಡುವೆ ಹಾಯಿಸತೊಡಗಿದಳು. ಹಕ್ಕಳೆ ಬೆರಳ ಬೆವರಿಗೆ ಮತ್ತೆ ಕರಗಿ ಲೋಳೆಯಾಯಿತು. ಉಗುರಿನ ಸಂದಿಗೆ ಇಳಿಯಿತು. ಪುಟ್ಟ ಗರಿಯೊಂದು ಅಂಗೈಗೆ ಅಂಟಿತು. ಎರಡು ಸಲ ಕಿಟಕಿಗೆ ಹೋಗಿ ಓಕರಿಸಿ ಬಂದು, ಬಿಟ್ಟಲ್ಲಿಂದಲೇ ಹಿಡಿದಳು. ಡ್ರಮ್ಮಿನ ಸುತ್ತು ಬಿದ್ದಿದ್ದ ಕಡೆ ಹೊರಹೆಣಿಗೆ ಉಜ್ಜಿ ಗಾಜಿನಂತೆ ಹೊಳೆಯುತ್ತಿತ್ತು. ಟೇಪು ಹಿಡಿದಳು: ಹೊಳಪಿನ ಉದ್ದ ಒಂದು ಮೀಟರ್. ಗಕ್ಕನೆ ಹಿಡಿದ ಹಗ್ಗ ಒಂದು ಗೇಣಿನಷ್ಟೂ ಹೊಳೆಯುವುದಿಲ್ಲ. ಗೂಟ ಬಿಡುತ್ತಲೇ ಇದ್ದ.

ತುಂಡಾದ ಜಾಗ ಆ ತುದಿಯಿಂದ ಸರಿಯಾಗಿ ಹತ್ತೊಂಬತ್ತು ಮೀಟರ್. ಡ್ರಮ್ಮಿನ ಸುತ್ತು ಮತ್ತು ಬಾಲಕ್ಕೆ ನಾಲ್ಕು ಕಳೆದರೆ, ಕೊಂಬೆ ಕೊಯ್ಯುವ ಮೊದಲು ಅದು ಹದಿನೈದು ಮೀಟರ್ ಎತ್ತರದಲ್ಲಿತ್ತು. ಒಂದು ಮೀಟರ್ ಜಾರಿದಾಗ ಹದಿನಾರು ಮೀಟರ್ ಎತ್ತರದ ರಾಟೆಯ ಬಾಗಿಗೆ ತಲುಪಿತ್ತು, ಅಲ್ಲಿ ಹರಿದಿತ್ತು.

ತುಂಡಿನ ಬಾಯನ್ನು ಬಿಡಿಸಿ ಭೂತಗನ್ನಡಿ ಹಿಡಿದಳು. ಹೊರಹೆಣಿಗೆಯ ಎಳೆಗಳು ಹೊಸದಾಗಿ ಹರಿದು ಬೆಳ್ಳಗಿದ್ದವು. ಒಳತಿರುಳಿನ ಎಳೆಗಳ ತುದಿಗಳು ಕಪ್ಪಗಿದ್ದವು. ಪ್ರತಿ ತುದಿಯ ಮೇಲೂ ಪಾರಿವಾಳದ ಲೋಳೆ ಒಣಗಿ ಕೂತಿತ್ತು. ಅಂದರೆ ಲೋಳೆ ಹಸಿಯಾಗಿದ್ದಾಗಲೇ ತಿರುಳು ಹರಿದಿತ್ತು. ಬಳಕೆ ಪುಸ್ತಕ ನೋಡಿದಳು: ಮಂಗಳವಾರದಿಂದ ಸೋಮವಾರದವರೆಗೆ ಹಗ್ಗ ಚೀಲದಿಂದ ಹೊರಗೆ ಬಂದಿರಲಿಲ್ಲ.

ಅವಳು ಕೈ ಮೂಸಿದಳು. ಈಗ ಹೇಸಿಗೆ ಹಗ್ಗದ ಮೇಲೆ ಬರಲಿಲ್ಲ. ದುಂಡಗಿನ ಆ ಅಕ್ಷರಗಳ ಮೇಲೆ ಬಂತು. ಸೋಪಿನ ಪರಿಮಳದ ಆ ಬುಧವಾರದ ಕೈಗಳ ಮೇಲೆ ಬಂತು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮೇಸ್ತ್ರಿ ಇಣುಕಿದ. “ಆಯ್ತಾ ಮೇಡಂ? ಅಯ್ಯೋ, ಕೈ ತೊಳ್ಕೊಳ್ಳಿ ಮೊದಲು!”

“ಬರೆದಾದ ಮೇಲೆ” ಎಂದಳು. ಬರೆದ ಕಾಗದದ ಅಂಚಿನಲ್ಲಿ ಕಪ್ಪು ಬೆರಳಗುರುತುಗಳು ಬಿದ್ದವು.

ನಿರ್ಣಯ: ಹಗ್ಗದ ಒಳತಿರುಳು ಹತ್ತೊಂಬತ್ತನೆಯ ಮೀಟರಿನಲ್ಲಿ ಮಂಗಳವಾರದ ಕೆಲಸದಲ್ಲೇ ಹರಿದಿತ್ತು. ಕೆಳಗೆ ನಿಂತು ಹಗ್ಗ ಬಿಡುತ್ತಿದ್ದವನ ತಪ್ಪಿಲ್ಲ. ಬುಧವಾರದ ಬರಿಗೈ ತಪಾಸಣೆ ನಡೆದಿಲ್ಲ; ನಡೆದಿದೆ ಎಂದು ಸಹಿ ಮಾಡಿದವಳು ನಾನು.