ಕುರಿ ಕೆಡವಿದ ಹಾಗೆ

ಹನ್ನೊಂದಕ್ಕೆ ಅಣ್ಣನನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು. ಹೊಟ್ಟೆಯಲ್ಲಿ ತುಂಬಿದ್ದ ನೀರು ತೆಗೆಯುವುದಾಗಿ ಡಾಕ್ಟರು ಹೇಳಿದ್ದರು. ಒಂಬತ್ತೂವರೆಗೆ ಅವನು ನಮ್ಮ ಮಾಂಸದಂಗಡಿಯಲ್ಲಿ ನಿಂತು, ಇಲ್ಲದ ಕನ್ನಡಕವನ್ನು ಮೂಗಿನ ಮೇಲೇರಿಸುತ್ತ ಅದೇ ಡಾಕ್ಟರನ್ನು ಅಣಕಿಸುತ್ತಿದ್ದ.

“‘ನೋಡೀಪ್ಪಾ, ನಿಮ್ ಲಿವರ್ ಕಲ್ಲಾಗಿದೆ. ಇನ್ನೊಂದ್ ತೊಟ್ಟು ಬಿದ್ರೆ ನಾನು ಜವಾಬ್ದಾರನಲ್ಲ!’ ಅಲ್ಲ ಸ್ವಾಮಿ, ಗುಂಡು ಹಾಕಿದ್ರೆ ತಾನೇ ಗುಂಡಿಗೆ ಗಟ್ಟಿ?”

ಗಿರಾಕಿಗಳು ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಅವನ ಕಣ್ಣು ಅರಿಶಿನ ಕಲಸಿದಂತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತುಂಬು ಬಸುರಿಯದು. ಕುರಿಯ ಲಿವರ್ ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ಬಣ್ಣ ನೋಡಿಯೇ ಹೇಳುವವರು. ಅಣ್ಣನದು ಮಾತ್ರ ಚರ್ಮದೊಳಗಿತ್ತು.

ಗಿರಾಕಿಗಳು ಹೋದ ಮೇಲೆ ಅವನು ಐಸ್ ಪೆಟ್ಟಿಗೆಯ ಹಿಂದೆ ಕೈ ಹಾಕಿ ತಡಕಾಡಿದ. ಅಲ್ಲಿ ಬಚ್ಚಿಟ್ಟಿದ್ದ ಬಾಟಲಿ ನನ್ನ ಕೈಯಲ್ಲಿತ್ತು.

“ಕೊಡೋ.”

“ಆಟೋ ಬರ್ತಿದೆ ಅಣ್ಣ. ಅತ್ತಿಗೆ ಆಗ್ಲೇ ಬಟ್ಟೆ ಜೋಡಿಸ್ಕೊಂಡು ಕೂತಿದಾರೆ.”

“ಕೊಡ್ತೀಯೋ, ನಿನ್ನೇ ಕೊಕ್ಕೆಗೆ ನೇತಾಕ್ಲೋ?”

ನಾನು ಬಾಟಲಿಯನ್ನು ಮೋರಿಗೆ ಬಗ್ಗಿಸಿದೆ.

ಮಚ್ಚು ನನ್ನ ಕಿವಿ ಸವರಿಕೊಂಡು ಹೋಗಿ ಮರದ ಕೊರಡನ್ನು ಕಚ್ಚಿತು. ಕಿತ್ತು ಮತ್ತೆ ಬೀಸಿದ. ನನ್ನ ಮುಂಗೈ ಸೀಳಿ ಬಾಯ್ಬಿಟ್ಟಿತು.

“ಯಾವನೋ ನೀನು? ನನ್ನಂಗಡೀಲಿ ನಿಂಗೇನೋ ಕೆಲ್ಸ?”

“ನಾನು ಕಣಣ್ಣಾ! ನಿನ್ ತಮ್ಮ!”

ಮಚ್ಚು ಮೂರನೆಯ ಸಲ ಮೇಲೆದ್ದಿತು. ಇಪ್ಪತ್ತು ವರ್ಷದಿಂದ ಕೈ ಕಲಿತಿದ್ದನ್ನೇ ಕೈ ಮಾಡಿತು. ಕಾಲು ಹಿಡಿದೆಳೆದೆ, ಮಗುಚಿ ಕೆಡವಿದೆ, ಕತ್ತನ್ನು ಮೊಣಕೈಯಲ್ಲಿ ಅಮುಕಿ ಹೊಟ್ಟೆಯ ಮೇಲೆ ಮಂಡಿಯೂರಿದೆ. ಹಾಗೆ ಒತ್ತಿ ಹಿಡಿದರೆ ಎಂಥ ಟಗರೂ ತಣ್ಣಗಾಗುತ್ತದೆ.

ಅಣ್ಣ ಕೆಮ್ಮಿದ. ಬಾಯಿಂದ ಕಪ್ಪುಗೆಂಪು ರಕ್ತ ಬುಗ್ಗೆಯಾಗಿ ಚಿಮ್ಮಿ ನನ್ನ ಮುಖಕ್ಕೆ ರಾಚಿತು. ಮತ್ತೊಮ್ಮೆ. ಮಗುದೊಮ್ಮೆ. ನೆಲದ ಮೇಲೆ ಕುರಿಯದ್ಯಾವುದು, ಅವನದ್ಯಾವುದು, ನನ್ನದ್ಯಾವುದು ಎಂದು ತಿಳಿಯದಾಯಿತು.

ಆಸ್ಪತ್ರೆಯಲ್ಲಿ ರಕ್ತ ಒಂದು ಕಡೆ ಏರಿಸಿದರೆ ಇನ್ನೊಂದು ಕಡೆ ಕಕ್ಕುತ್ತಿದ್ದ. ಒಂದೂವರೆಗೆ ಎಲ್ಲ ನಿಂತಿತು.

“ನನ್ನ ಗುರುತೇ ಹಿಡೀದೆ ಮಚ್ಚು ಬೀಸ್ದ. ಹೊಟ್ಟೆ ಮೇಲೆ ಮಂಡಿ ಊರ್ಬಿಟ್ಟೆ ಸಾರ್,” ಎಂದೆ.

ಡಾಕ್ಟರು ನನ್ನ ಕೈಗೆ ಹೊಲಿಗೆ ಹಾಕುತ್ತಿದ್ದರು. “ಕುಡಿದು ಕುಡಿದು ಲಿವರ್ ಗಟ್ಟಿಯಾಗಿತ್ತು. ಅದರೊಳಗೆ ದಾರಿ ಸಿಗದ ರಕ್ತ ಅನ್ನನಾಳದ ರಕ್ತನಾಳಗಳಿಗೆ ನುಗ್ಗುತ್ತೆ. ಅವು ಉಬ್ಬಿ ತೆಳ್ಳಗಾಗಿರ್ತವೆ, ಯಾವಾಗ ಬೇಕಾದ್ರೂ ಒಡೀಬಹುದು. ಅವನಿಗೆ ನಿನ್ನ ಗುರುತು ಸಿಗದೆ ಇದ್ದಿದ್ದೂ ಅದರಿಂದ್ಲೇ, ಲಿವರ್ ಸೋಸದೆ ಬಿಟ್ಟ ವಿಷ ತಲೆಗೇರಿತ್ತು. ನಿನ್ನ ಮಂಡಿಯಿಂದ್ಲೇ ಅಂತ ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳಲ್ಲ.”

ಹೊರಗೆ ಬೆಂಚಿನ ಮೇಲೆ ಅತ್ತಿಗೆ ಬಟ್ಟೆಯ ಗಂಟನ್ನು ಅವಚಿಕೊಂಡು ಕೂತಿದ್ದರು. ಅವರಿಗೂ ಒಂದನ್ನೂ ಮುಚ್ಚಿಡದೆ ಹೇಳಿದೆ. ಕೆನ್ನೆಗೆ ಬಾರಿಸಿದರು. ಆಮೇಲೆ ನನ್ನ ಕಾಲರ್ ಹಿಡಿದು ಹತ್ತಿರಕ್ಕೆಳೆದರು.

“ಹನ್ನೆರಡು ವರ್ಷ ಕುಡ್ಕೊಂಡು ಬಂದು ನನ್ನ ಕೆಡವಿ ಕೆಡವಿ ಹೊಡ್ದ. ಗೋಡೆ ಆಚೆ ನೀನಿದ್ದೆ. ಆಗೆಲ್ಲಿತ್ತೋ ನಿನ್ ಮಂಡಿ?”

ನಾನು ಬಾಯಿ ತೆರೆದೆ. ಇನ್ನೊಂದು ಏಟು ಬಿತ್ತು.