ನೀರು ಹಾಕೋರು ಯಾರು

ಆ ಕೀಲಿ ನೆಲಮಾಳಿಗೆಯ ಬೀಗಕ್ಕೂ ಕೂಡಲಿಲ್ಲ. ವೀಬ್ಕ ಅದನ್ನು ಹೊರಗೆಳೆದು, ಕಪ್ಪು ಕೋಟಿಗೆ ಒರೆಸಿ, ಮತ್ತೊಮ್ಮೆ ತೂರಿಸಿ ನೋಡಿದಳು.

"ಬಿಡೇ ಅದನ್ನ," ಎಂದ ಅಣ್ಣ ಹೆನ್ನಿಂಗ್, ಮೆಟ್ಟಿಲ ಮೇಲಿನಿಂದ. "ಹನ್ನೊಂದಕ್ಕೆ ಶುರು. ನಾವೇ ತಡವಾಗಿ ಹೋದ್ರೆ ಅಮ್ಮ ಎದ್ದು ಬಂದು ಬೈತಾಳೆ."

"ಸೈಕಲ್ ಬೀಗದ್ದು ಇದ್ದ ಹಾಗಿದೆ. ಅಮ್ಮನ ಹತ್ರ ಸೈಕಲ್ ಎಲ್ಲಿತ್ತು?"

"ಯಾವನದೋ ಹೃದಯದ ಕೀಲಿ ಇರ್ಬೇಕು. ನಡಿ ನಡಿ."

ಇಬ್ಬರೂ ನಗಲಿಲ್ಲ. ಅಮ್ಮ ಗೆರ್ಲಿಂಡ ತೀರಿಕೊಂಡು ಹದಿನೆಂಟು ದಿನವಾಗಿತ್ತು. ದಹನ ಮುಗಿದಿತ್ತು, ಮನೆ ಖಾಲಿ ಮಾಡುವ ಕೆಲಸವೂ ಮುಕ್ಕಾಲು ಮುಗಿದಿತ್ತು. ಅಮ್ಮನ ಗೊಂಚಲಿನ ಉಳಿದ ಕೀಲಿಗಳಿಗೆಲ್ಲ ಒಂದೊಂದು ಬಾಗಿಲು ಸಿಕ್ಕಿತ್ತು, ಇದೊಂದಕ್ಕೆ ಮಾತ್ರ ಇಲ್ಲ. ವೀಬ್ಕಳಿಗೆ ಇನ್ನೂ ಅಳು ಬಂದಿರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯಂತೆ ಮನಸ್ಸು ಮರಗಟ್ಟಿತ್ತು. ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತಿತ್ತು, ಅಷ್ಟೇ.

ಸ್ಮಶಾನದ ಗೇಟು ದಾಟಿದ ಕೂಡಲೇ ನಲ್ಲಿ. ಅದರ ಪಕ್ಕದ ಕಬ್ಬಿಣದ ಕಂಬಿಗೆ ಜನ ತಂತಮ್ಮ ನೀರಿನ ಝಾರಿಗಳನ್ನು ಸರಪಳಿ ಸುತ್ತಿ ಬೀಗ ಜಡಿದು ನೇತುಹಾಕಿದ್ದರು. ಸತ್ತವರ ನಡುವೆ ನಿಂತರೂ ಕಳ್ಳರ ಭಯ ಬಿಡದ ಜನ ನಾವು.

ಪ್ರಾರ್ಥನಾ ಮಂದಿರದಲ್ಲಿ ಹತ್ತೊಂಬತ್ತು ಮಂದಿ ಸೇರಿದ್ದರು. ಬಿಳಿ ಹೂಗಳ ನಡುವೆ ಬೂದಿಯ ಕಲಶ. ಅಮ್ಮನನ್ನು ಒಮ್ಮೆಯೂ ಕಂಡಿರದ ಬಾಡಿಗೆ ಭಾಷಣಕಾರ, ವೀಬ್ಕ ಫೋನಿನಲ್ಲಿ ಹೇಳಿದ್ದನ್ನೇ ಸಕ್ಕರೆ ಬೆರೆಸಿ ಓದಿದ. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತವರು. ನಿವೃತ್ತಿಯಾದ ಮೇಲೆ ಊರೂರು ಸುತ್ತಿದವರು. ಗೋರ್ಲಿಟ್ಸ್, ಡ್ರೆಸ್ಡನ್, ಲೈಪ್‌ಜಿಗ್, ಕೆಮ್ನಿಟ್ಸ್. ಎಲ್ಲ ಊರುಗಳಿಗಿಂತ ಮೆಚ್ಚಿದ್ದು ಟ್ಸ್ವಿಕೌ.

"ಟ್ಸ್ವಿಕೌನಲ್ಲಿ ಮೆಚ್ಚೋಕೆ ಏನಿದೆಯೋ," ಎಂದು ಹೆನ್ನಿಂಗ್ ಗೊಣಗಿದ.

ಕಲಶ ಇಂದು ಮಣ್ಣಿಗೆ ಹೋಗುವುದಿಲ್ಲ. ಗುರುವಾರ ಸ್ಮಶಾನದ ಕೆಲಸಗಾರರು ಅದನ್ನು ಹುಲ್ಲುಹಾಸಿನಡಿ ಎಲ್ಲೋ ಒಂದೆಡೆ ಇಟ್ಟು ಮುಚ್ಚುತ್ತಾರೆ. ಮನೆಯವರು ಹೋಗುವಂತಿಲ್ಲ. ಕಲ್ಲಿಲ್ಲ, ಹೆಸರಿಲ್ಲ, ಯಾವ ಜಾಗವೆಂದು ಹೇಳುವುದೂ ಇಲ್ಲ. ಅರ್ಜಿಗೆ ಸಹಿ ಹಾಕಿದವಳು ವೀಬ್ಕ. ಅಪ್ಪ ಬೇರೆ ಮದುವೆಯಾಗಿ ಬೇರೆ ಊರಲ್ಲಿ ಸತ್ತಿದ್ದರಿಂದ ಜೊತೆಯಲ್ಲಿ ಮಲಗಿಸುವ ಗೋರಿಯೂ ಇರಲಿಲ್ಲ. "ಅಮ್ಮನೇ ಬೇಡ ಅಂದಿದ್ದು," ಎಂದು ಅವಳು ಕೇಳಿದವರಿಗೆಲ್ಲ ಹೇಳಿದ್ದಳು.

ಕೊನೆಯ ಸಾಲಿನಲ್ಲಿ ಗುರುತಿಲ್ಲದ ಮುದುಕನೊಬ್ಬ ಕೂತಿದ್ದ. ಇಸ್ತ್ರಿ ಮಾಡಿದ ಕಪ್ಪು ಸೂಟು. ತೊಡೆಯ ಮೇಲೆ, ಮಗುವನ್ನು ಕೂರಿಸಿಕೊಂಡಂತೆ, ಒಂದು ಹಸಿರು ಪ್ಲಾಸ್ಟಿಕ್ ಝಾರಿ.

*

ಕಾಫಿಗೆ ಎಲ್ಲರೂ ಎದುರಿನ ಹೋಟೆಲಿಗೆ ಹೋದರು. ಸಾವಿಗೆಂದೇ ಮಾಡುವ ಬೆಣ್ಣೆ ಕೇಕು ಮೇಜಿಗೆ ಬಂತು. ಸಾವಿನ ದಿನ ಅದು ಎಲ್ಲರಿಗೂ ಒಂದು ತುಂಡು ಹೆಚ್ಚೇ ಸೇರುತ್ತದೆ. ಮುದುಕ ಝಾರಿ ಹಿಡಿದೇ ಒಳಗೆ ಬಂದ.

"ಯಾರಪ್ಪ ಇದು, ತೋಟದ ಮಾಲಿನಾ?" ಎಂದ ಹೆನ್ನಿಂಗ್.

ಮುದುಕ ನೇರ ವೀಬ್ಕಳ ಬಳಿಗೆ ಬಂದು ಕೈಚಾಚಿದ. "ನಾನು ಸೀಗ್ಬರ್ಟ್ ನೋಟ್ಸೋಲ್ಟ್. ಟ್ಸ್ವಿಕೌನಿಂದ ಬಂದೆ. ನಿಮ್ಮ ತಾಯಿ ಈ ವಸಂತಕ್ಕೆ ಬರ್ಲಿಲ್ಲ. ಕಾಗದ ಬರೆದೆ. ಪಕ್ಕದ ಮನೆಯವ್ರು ಉತ್ತರ ಹಾಕಿದ್ರು."

"ನಿಮಗೆ ಅಮ್ಮನ ಪರಿಚಯ ಹೇಗೆ?"

"ಹನ್ನೆರಡು ವರ್ಷ ನನ್ನ ಹೆಂಡ್ತಿ ಮಾರ್ಗಿಟ್ ಗೋರಿಗೆ ನೀರು ಹಾಕಿದ್ರು."

"ಗೆಳತಿಯರಾ ಇಬ್ರೂ?"

"ಇಲ್ಲಪ್ಪ. ಒಬ್ರ ಮುಖ ಒಬ್ರು ನೋಡಿರ್ಲಿಲ್ಲ." ಅವನು ಕುರ್ಚಿ ಎಳೆದು ಕೂತ. "ನಾನೂ ಮೊದ್ಲು, ಪಾಪ, ಈಯಮ್ಮ ಗೋರಿ ತಪ್ಪಿ ಬಂದಿದಾರೆ ಅಂದ್ಕೊಂಡೆ. ವರ್ಷಕ್ಕೆ ಎರಡು ಸಲ ಬರೋರು. ಕಳೆ ಕೀಳೋರು, ನೀರು ಹಾಕೋರು, ಹೋಗೋರು. ಮೂರನೇ ವರ್ಷ ತಡೀಲಾರದೆ ಕೇಳೇಬಿಟ್ಟೆ. 'ನಿಮ್ಮ ಹೆಂಡತಿ ಕೆಳಗೆ ನಮ್ಮಪ್ಪ ಇದ್ದಾರೆ' ಅಂದ್ರು."

ಹೆನ್ನಿಂಗ್ ಫೋರ್ಕು ಕೆಳಗಿಟ್ಟ. "ತಾತ ಯುದ್ಧದಲ್ಲೇ ಸತ್ರಲ್ಲ?"

"ಹಾಗಂತ ನಿಮ್ಮ ಅಜ್ಜಿಗೆ ಯಾರೋ ಹೇಳಿದ್ರು. ಹೆಂಡ್ತಿ ಮಗು ಯುದ್ಧದ ಕೊನೇಲಿ ಬ್ರೆಸ್ಲೌ ಊರು ಬಿಟ್ಟು ಓಡೋವಾಗ ಹಿಮದಲ್ಲಿ ಸತ್ರು ಅಂತ ನಿಮ್ಮ ತಾತನಿಗೆ ಯಾರೋ ಹೇಳಿದ್ರು. ಇಬ್ರೂ ನಂಬಿದ್ರು. ಜರ್ಮನಿ ಎರಡಾಗಿ ನಡುವೆ ಗಡಿ ಬೇರೆ. ನಿಮ್ಮ ತಾತ ನಮ್ಮೂರಿನ ಕಲ್ಲಿದ್ದಲ ಗಣೀಲಿ ದುಡಿದು, ಬಾಡಿಗೆ ಕೋಣೇಲಿ ಒಬ್ರೇ ಇದ್ದು, ಎಂಬತ್ತೊಂದನೇ ಇಸವೀಲಿ ತೀರ್ಕೊಂಡ್ರು. ಗಣಿ ಗೆಳೆಯರು ಮಣ್ಣು ಮಾಡಿದ್ರು. ಗೋರಿ ಜಾಗಕ್ಕೆ ಇಪ್ಪತ್ತೈದು ವರ್ಷದ ಬಾಡಿಗೆ ಗಡುವು. ಮುಂದುವರಿಸೋಕೆ ಯಾರೂ ಬರ್ಲಿಲ್ಲ ಅಂತ ಕಿತ್ತುಹಾಕಿದ್ರು. ನಿಮ್ಮಮ್ಮ ಹುಡುಕ್ಕೊಂಡು ಬಂದಾಗ ಆರು ತಿಂಗಳು ತಡ. ಕಲ್ಲು ಒಡೆದು ದಾರಿಗೆ ಸುರಿದಿದ್ರು. ಜಾಗ ನಮ್ಮ ಮಾರ್ಗಿಟ್‌ಗೆ ಬಂದಿತ್ತು."

ನೋಟ್ಸೋಲ್ಟ್ ಮೆಲ್ಲಗೆ ನಕ್ಕ. "ಒಳ್ಳೇದೇ ಆಯ್ತು ಬಿಡಿ, ನಮ್ಮ ಮಾರ್ಗಿಟ್‌ಗೆ ಮಾತಾಡೋಕೆ ಯಾರಾದ್ರೂ ಬೇಕೇ ಬೇಕು ಅಂದೆ. ಅವತ್ತು ಗೆರ್ಲಿಂಡ ಎಷ್ಟು ನಕ್ರು ಅಂತೀರಿ!"

ವೀಬ್ಕ ಅಮ್ಮ ಜೋರಾಗಿ ನಕ್ಕದ್ದನ್ನು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಝಾರಿಯ ಹಿಡಿಗೆ ಕತ್ತರಿಸಿದ ತುಂಡು ಸರಪಳಿ, ಅದಕ್ಕೊಂದು ಪುಟ್ಟ ಬೀಗ ಜೋತುಬಿದ್ದಿದ್ದವು. ಅವಳು ಕೋಟಿನ ಜೇಬಿನಿಂದ ಕೀಲಿ ತೆಗೆದು ಹಾಕಿ ತಿರುಗಿಸಿದಳು. ಬೀಗ ಸಲೀಸಾಗಿ ತೆರೆದುಕೊಂಡಿತು.

"ನಿಮ್ಮಮ್ಮನ ಝಾರಿ. ನಮ್ಮೂರ ಸ್ಮಶಾನದ ಕಂಬಿಯಿಂದ ಸರಪಳಿ ಕತ್ತರಿಸಿಕೊಂಡು ತಂದೆ," ಎಂದ ನೋಟ್ಸೋಲ್ಟ್. "ರೈಲಲ್ಲಿ ಎಲ್ರೂ ನನ್ನನ್ನೇ ನೋಡ್ತಿದ್ರು. ಗೋರಿ ಎಲ್ಲಿ ಮಾಡ್ತೀರಿ? ಜಾಗ ತೋರಿಸಿದ್ರೆ ಒಂದ್ಸಲ ನೀರು ಹಾಕಿ ಹೊರಟುಬಿಡ್ತೀನಿ. ಐದಕ್ಕೆ ರೈಲು."

ಹೆನ್ನಿಂಗ್ ತಂಗಿಯ ಮುಖ ನೋಡಿದ. "ಗೋರಿ ಇಲ್ಲ. ಹುಲ್ಲಿನಡಿ, ಹೆಸರಿಲ್ಲದೆ. ಅಮ್ಮನೇ ಹಾಗೆ ಕೇಳಿದ್ದು."

ಮುದುಕ ಝಾರಿಯನ್ನು ತೊಡೆಯ ಮೇಲಕ್ಕೆ ಎಳೆದುಕೊಂಡ. "ಗೆರ್ಲಿಂಡ ಕೇಳಿದ್ರಾ?" ಎಂದ.

*

ಅಮ್ಮನ ಅಡುಗೆಮನೆಯ ಮೇಜಿನ ಮೇಲೆ ಹಿಂದೊಮ್ಮೆ, ತಾತನ ಹೆಸರು ಹಿಡಿದು ವಿಚಾರಿಸಿದ್ದಕ್ಕೆ ಊರೂರ ಕಚೇರಿಗಳಿಂದ ಬಂದ ಕಾಗದಗಳು ಹರಡಿದ್ದವು. ನಿವೃತ್ತಿಯಾದ ಹೊಸತು. ಪ್ರತಿ ಕಾಗದದಲ್ಲೂ ಅದೇ ಉತ್ತರ: ಆ ಹೆಸರಿನವರು ನಮ್ಮಲ್ಲಿ ಇಲ್ಲ.

"ಸತ್ತೋರನ್ನ ಹುಡುಕ್ಕೊಂಡು ಅಲೀತೀಯಲ್ಲಮ್ಮ, ಬದುಕಿರೋರು ಇಲ್ಲೇ ಇದೀವಿ," ಎಂದಿದ್ದಳು ವೀಬ್ಕ. "ಹೋಗೋದೇ ಆದ್ರೆ ಚರ್ಚು ನೋಡು, ಕೇಕು ತಿನ್ನು, ಆರಾಮಾಗಿ ಬಾ."

ಅಮ್ಮ ಕಾಗದಗಳನ್ನು ಒಟ್ಟುಮಾಡಿ ಡ್ರಾಯರಿಗೆ ಹಾಕಿದಳು. ಆಮೇಲೆ ಬಂದ ಕಾರ್ಡುಗಳಲ್ಲೆಲ್ಲ ಚರ್ಚಿನ ಚಿತ್ರ. ಹಿಂದೆ ಎರಡೇ ಸಾಲು: "ಹವೆ ಚೆನ್ನಾಗಿದೆ. ಕೇಕು ತಿಂದೆ."

*

ಆಸ್ಪತ್ರೆಯ ಕೊನೆಯ ವಾರ, ಒಂದು ಮಧ್ಯಾಹ್ನ. ವೀಬ್ಕ ಮೊಬೈಲಿನಲ್ಲಿ ಟ್ರಾಮಿನ ಸಮಯ ನೋಡುತ್ತಿದ್ದಳು.

"ನನಗೆ ಗೋರಿಗೀರಿ ಯಾಕೆ," ಎಂದಿದ್ದಳು ಅಮ್ಮ. "ನೀರು ಹಾಕೋರು ಯಾರು?"

"ಈಗ್ಯಾಕಮ್ಮ ಆ ಮಾತು."

ಅಮ್ಮ ಸ್ವಲ್ಪ ಹೊತ್ತು ಮಗಳ ಮುಖವನ್ನೇ ನೋಡುತ್ತ ಕಾದಿದ್ದಳು. ಆಮೇಲೆ ಕಿಟಕಿಯತ್ತ ತಿರುಗಿಕೊಂಡಳು.

*

ಸ್ಮಶಾನದ ಕಚೇರಿಯವನು ಮನೆಗೆ ಹೊರಡಲು ಆಗಲೇ ಕೋಟು ತೊಟ್ಟಿದ್ದ. "ಆ ಕಲಶ ಗುರುವಾರದ ಪಟ್ಟೀಲಿದೆ," ಎಂದ.

"ಪಟ್ಟಿಯಿಂದ ತೆಗೀರಿ. ನಮಗೆ ಗೋರಿ ಬೇಕು."

"ನೀವೇ ಬೇಡ ಅಂತ ಸಹಿ ಹಾಕಿದೀರಿ."

"ತಪ್ಪು ಮಾಡ್ದೆ." ಹದಿನೆಂಟು ದಿನದಲ್ಲಿ ಮೊದಲ ಬಾರಿಗೆ ವೀಬ್ಕಳಿಗೆ ಎಲ್ಲೋ ನೋಯುತ್ತಿತ್ತು.

ಅವನು ಕೋಟು ಬಿಚ್ಚದೆಯೇ ಕೂತ. "ಗೋರಿ ಅಂದ್ರೆ ಸುಮ್ನೆ ಅಲ್ಲ. ಗಿಡ ನೆಡ್ಬೇಕು, ನೀರು ಹಾಕ್ಬೇಕು. ಕಳೆ ಬೆಳೆದ್ರೆ ಕಲ್ಲಿಗೆ ಎಚ್ಚರಿಕೆ ಚೀಟಿ ಅಂಟಿಸ್ತೀವಿ. ಯಾರು ನೋಡ್ಕೋತಾರೆ?"

"ನಾನು."

"ಎಲ್ರೂ ಹಾಗೇ ಅಂತಾರೆ."

"ಬರ್ಕೊಳ್ಳಿ."

ಅವನು ಹೊಸ ಅರ್ಜಿ ಎಳೆದುಕೊಂಡ. ಕಲ್ಲಿನ ಮೇಲೆ ಏನು ಬರೆಸುತ್ತೀರಿ ಎಂದ.

"ಗೆರ್ಲಿಂಡ ಡೆಪ್ಪೆ. ಅದರ ಕೆಳಗೆ ಹುಟ್ಟಿದ ಮನೆತನದ ಹೆಸರು, ನಮ್ಮ ತಾತನದು, ವೀಸ್ನರ್."

"ಅದೂ ಬೇಕಾ? ಬರೀ ಒಂದು ಸಾಲು ಹಾಕಿಸೋರೇ ಹೆಚ್ಚು ಈಗ."

"ಬೇಕು. ದೊಡ್ಡಕ್ಷರದಲ್ಲೇ ಇರ್ಲಿ."

ಅವನು ನಕ್ಷೆಯಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಗೋಡೆಯ ಬದಿಯ ಸಾಲು, ಬರ್ಚ್ ಮರದಿಂದ ನಾಲ್ಕನೆಯದು ಎಂದ.

ಹೊರಗೆ ನಲ್ಲಿಯ ಬಳಿ ನೋಟ್ಸೋಲ್ಟ್ ಝಾರಿ ತುಂಬಿಸಿಕೊಂಡು ನಿಂತಿದ್ದ. ಹೆನ್ನಿಂಗ್ ಅವನಿಗೆ ಕೊಡೆ ಹಿಡಿದಿದ್ದ. ಹನಿ ಬೀಳತೊಡಗಿತ್ತು.

"ಮಳೆ ಬರ್ತಿದೆಯಲ್ಲೋ," ಎಂದಳು ವೀಬ್ಕ.

"ನಾನೂ ಹೇಳ್ದೆ. ಕೇಳ್ಬೇಕಲ್ಲ ಇವ್ರು," ಎಂದ ಹೆನ್ನಿಂಗ್.

ಬರ್ಚ್ ಮರದಿಂದ ನಾಲ್ಕನೆಯ ಜಾಗದಲ್ಲಿ ಒಂದು ಗೂಟ, ಸುತ್ತ ಅಗೆಯದ ನೆಲ. ಝಾರಿಯನ್ನು ಮೊದಲು ಮುದುಕ ಬಗ್ಗಿಸಿದ. ಅರ್ಧ ಉಳಿಸಿ ವೀಬ್ಕಳಿಗೆ ಕೊಟ್ಟ. ಅವಳು ಕೊನೆಯ ಹನಿಯವರೆಗೂ ಸುರಿದಳು. ವಾಪಸು ಬರುವಾಗ ಝಾರಿಯನ್ನು ಕಂಬಿಯಲ್ಲಿ, ಬೇರೆಯವರ ಝಾರಿಗಳ ನಡುವೆ ತೂಗುಹಾಕಿ, ತುಂಡು ಸರಪಳಿಯನ್ನು ಎಳೆದೆಳೆದು ಸುತ್ತಿ ಬೀಗ ಒತ್ತಿದಳು. ಆಮೇಲೆ ಆ ಕೀಲಿಯನ್ನು ಅಮ್ಮನ ಗೊಂಚಲಿನಿಂದ ಬಿಡಿಸಿ ತನ್ನದಕ್ಕೆ ಪೋಣಿಸಿಕೊಂಡಳು.