ಮುರಿಯಬಾರದ ಎಲುಬು

ಮಾಂಸ ತುಂಬಿದ ಅಗಲ ಪರಾತದ ಅಂಚಿನಲ್ಲಿ ಒಂದು ನೊಣ, ಓಡಿಸಬೇಕೆಂದು ಬಂದೇನವಾಜನ ಕೈ ಏಳುತ್ತದೆ, ಅರ್ಧಕ್ಕೇ ನಿಲ್ಲುತ್ತದೆ, ಕೈಯಲ್ಲಿ ಕಡಿಯುವ ಕೊಯ್ತಾ, ಕೊಯ್ತಾದ ಕೆಳಗೆ ಆಡಿನ ಎಡತೊಡೆ, ಅದರ ನಡುವೆ ಎಲುಬಿನ ತುದಿ, ಬೆಳ್ಳಗೆ, ಸೀಳಿದ ಜೋಳದ ದಂಟಿನಂತೆ ಚೂಪಾಗಿ — ಚಟ್ ಎಂದಿತ್ತು, ಅಷ್ಟೇ, ಒಳಗಿದ್ದ ಅಮ್ಮನಿಗೆ ಕೇಳಿಸಿರಲಿಕ್ಕಿಲ್ಲ. ಇವತ್ತು ಅಕೀಕಾ, ಹುಟ್ಟಿದ ಏಳನೆಯ ದಿನ ಕೂಸಿನ ತಲೆ ಬೋಳಿಸಿ ಆಡು ಕೊಯ್ಯುವ ಶಾಸ್ತ್ರ, ಬೆಳಿಗ್ಗೆಯಿಂದ ಅಮ್ಮನದು ಒಂದೇ ಮಾತು, ಬಂದೇ, ಅಕೀಕಾದ ಆಡಿನ ಎಲುವು ಮುರೀಬಾರ್ದಪಾ, ಕೀಲಿಗೆ ಕೀಲು ಬಿಡಸಬೇಕು, ಕೂಸಿನ ಕೈಕಾಲು ಗಟ್ಟಿ ಇರ್ತಾವ. ಕಟುಕ ಬಾಬಾಲಾಲ ಆಡು ಕೊಯ್ದು, ಚರ್ಮ ಸುಲಿದು, ಉಳಿದದ್ದು ಫ್ಯಾಕ್ಟರಿ ಕ್ಲಾರ್ಕಗೂ ಬರ್ತದ ಬಿಡ್ರಿ ಎಂದು ನಕ್ಕು, ಬನಹಟ್ಟಿಯಲ್ಲಿ ಇನ್ನೊಂದು ಮನೆಯವರು ಕಾಯುತ್ತಿದ್ದಾರೆಂದು ಬೈಕ್ ಏರಿದ. ಬರುತ್ತದೆ ಎಂದುಕೊಂಡದ್ದೇ ತಪ್ಪು, ಸಮೀರವಾಡಿಯ ಸಕ್ಕರೆ ಫ್ಯಾಕ್ಟರಿಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುವ ಕೈ ಇದು, ಕೀಲು ಸಿಗಲಿಲ್ಲ, ಸಿಟ್ಟು ಬಂತು, ಏಟು ಬಿತ್ತು. ಅದೂ ಎಡಗಾಲು. ಹೆರಿಗೆಯಾದ ದಿನ ಜಮಖಂಡಿಯ ಡಾಕ್ಟರ್ ಅವನೊಬ್ಬನನ್ನೇ ಹೊರಗೆ ಕರೆದಿದ್ದಳು, ಕೂಸು ಕಾಲು ಮುಂದಾಗಿ ಹುಟ್ಟೇದರಿ, ಎಡಗಡೆ ಸೊಂಟದ ಕೀಲು ಸ್ವಲ್ಪ ಸಡಿಲ ಅನಸ್ತದ, ಆರು ವಾರಕ್ಕ ಸ್ಕ್ಯಾನ್ ಮಾಡೂಣು, ಈಗ ಹೆದರಬ್ಯಾಡ್ರಿ. ಇವತ್ತಿಗೆ ಏಳನೆಯ ದಿನ, ಮನೆಯಲ್ಲಿ ಯಾರಿಗೂ ಹೇಳಿಲ್ಲ, ಅಮ್ಮನಿಗಿಲ್ಲ, ಹೆಂಡತಿಗಿಲ್ಲ, ಹೆದರಿಕೆಯೆಲ್ಲ ತನ್ನಲ್ಲೇ ಇರಲಿ ಎಂದುಕೊಂಡಿದ್ದ, ಈಗ ಅದು ಪರಾತದಲ್ಲಿ ಬಿದ್ದಿದೆ, ಬೆಳ್ಳಗೆ. ಒದ್ದೆ ಕೈಯಲ್ಲೇ ಮೌಲಾನಾರಿಗೆ ಫೋನ್ ಹಚ್ಚಿದ, ಅದು ಬರೇ ರಿವಾಜು, ಶರತ್ತಲ್ಲ, ಎಲುವು ಮುರದ್ರೂ ಅಕೀಕಾ ಆತು, ಚಿಂತಿ ಬಿಡ್ರಿ. ಬಿಡಬೇಕು, ಓದಿದವರ ಮಾತು, ಆದರೆ ಮೌಲಾನಾ ಆ ಸಪ್ಪಳ ಕೇಳಿಲ್ಲ.

ಅಮ್ಮ ಹೊರಗೆ ಬಂದರೆ ಕಾಣುತ್ತದೆ. ಮೂರು ಪಾಲು, ಮನೆಗೊಂದು, ಬೀಗರಿಗೊಂದು, ಬಡವರಿಗೊಂದು, ಬಡವರ ಚೀಲ ಕೈಗೆ ಹತ್ತಿರವಿತ್ತು, ತೊಡೆಯನ್ನು ಅದರ ತಳಕ್ಕೆ ತುರುಕಿ ಮೇಲೆ ಮೆತ್ತನೆಯ ತುಂಡು ಹಾಕಿದ, ಯಾಕೆ ಹಾಗೆ ಮಾಡಿದೆ, ಮನೆಯಿಂದ ಹೊರಗೆ ಹೋದರೆ ಸಾಕೆಂದೇ, ಅಷ್ಟರಲ್ಲಿ ಬಡವರ ಪಾಲು ಒಯ್ಯಲು ಓಣಿಯ ಹಸನಬಿ ಬಾಗಿಲಿಗೆ ಬಂದೇಬಿಟ್ಟಳು, ಮಗನನ್ನು ಕಳೆದುಕೊಂಡು ಮೊಮ್ಮಗನನ್ನು ಸಾಕುತ್ತಿರುವವಳು, ಕೈಹಿಡಿದ ಆ ಮಗು ಮೊನ್ನೆ ಮೊನ್ನೆ ನಡೆಯಲು ಕಲಿತದ್ದು, ತಪ್ಪು ತಪ್ಪು ಹೆಜ್ಜೆ. ಚೀಲ ಎತ್ತಿಕೊಂಡು, ಇಷ್ಟು ವಜ್ಜಿ ಯಾಕೋ ಬಂದೇ, ಇಡೀ ಆಡ ಹಾಕೀಯೇನು, ಎಂದು ನಕ್ಕಳು, ನಿನ್ನ ಮಗಳ ಕಾಲಗುಣ ಛಲೋ ಅದ, ಅಲ್ಲಾ ಆಕಿಗೆ ಆಯುಷ್ಯ ಕೊಡ್ಲಿ. ತಡೀರಿ ಖಾಲಾ ಎನ್ನಬೇಕಿತ್ತು, ಚೀಲ ಕಸಿದುಕೊಳ್ಳಬೇಕಿತ್ತು, ಓಣಿಯ ತಿರುವಿನಲ್ಲಿ ಚೀಲ ಒಂದು ಕಡೆ ವಾಲಿತು, ಮಗು ಒಂದು ಕಡೆ ವಾಲಿತು, ತಾನು ದಾನ ಮಾಡಿದ್ದೇನು, ಯಾರ ಕಾಲಿಗೆ.

ಕೈ ಎಷ್ಟು ತೊಳೆದರೂ ಜಿಡ್ಡು. ಪಡಸಾಲೆಯಲ್ಲಿ ಅಮ್ಮ ಕೂಸನ್ನು ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಾಳೆ, ಬೆಳಿಗ್ಗೆ ಬೋಳಿಸಿದ ಪುಟ್ಟ ತಲೆ ಹೊಳೆಯುತ್ತಿದೆ, ನೋಡ್ಲೇ ಬಂದೇ, ಹೆಂಗ ಒದೀತಾಳ ನಿನ್ನ ಮಗಳು, ಅವನು ನೋಡುತ್ತಾನೆ, ಬಲಗಾಲು ಒದೆಯುತ್ತದೆ, ಮತ್ತೆ ಬಲಗಾಲು, ಮತ್ತೆ. ಬಾ, ಈ ಕಾಲಿಗೆ ನೀನ ಹಚ್ಚು, ಅಪ್ಪನ ಕೈ ಗುರ್ತಾಗ್ಲಿ, ಎಡಪಾದ ಅವನ ಅಂಗೈಯಲ್ಲಿದೆ, ಬೆಚ್ಚಗೆ, ಒತ್ತಿದರೆ ಕೂಸು ಕಾಲು ಎಳೆದುಕೊಳ್ಳಬಹುದು, ಎಳೆದುಕೊಳ್ಳದೆಯೂ ಇರಬಹುದು, ಒತ್ತಬೇಕು, ಒತ್ತಲಾರ, ಹಚ್ಚಲೇ ಯಾಕ ನಿಂತಿ, ಬೆರಳು ಮೇಲೇರುತ್ತದೆ, ಮೊಣಕಾಲು, ತೊಡೆ, ಮೆತ್ತನೆಯ ಚರ್ಮ, ಅದರ ಕೆಳಗೆ ಬೆಳ್ಳಗೆ, ಚೂಪಾಗಿ, ಬೆಳ್ಳಗೆ —